ನೀರು ಹಾಕಲು ಬಂದವಳು

ಹರಳೆಣ್ಣೆ ಬಿಸಿಯಾದ ವಾಸನೆ ಬಂದರೆ ಈಗಲೂ ನನ್ನ ಕಾಲು ಬಚ್ಚಲ ಕಡೆ ತಿರುಗುತ್ತದೆ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ಬಾಣಂತನಕ್ಕೆ ಬಂದಿರುವ ಮೊಮ್ಮಗಳು ಕೂಸಿಗೆ ಎಣ್ಣೆ ತಿಕ್ಕುತ್ತಾ, "ನಮ್ಮಪ್ಪ ಹುಟ್ಟಿದಾಗ ನೀರು ಹಾಕಿದ್ದು ಯಾರಜ್ಜಿ?" ಎಂದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಾನು ಸೊರಬದ ಕಡೆಯವಳು. ತವರಿನಲ್ಲಿ ತಾಯಿ ಇಲ್ಲದ್ದರಿಂದ ಹೆರಿಗೆ, ಬಾಣಂತನ ಎರಡೂ ಶಿಕಾರಿಪುರದ ಅತ್ತೆಯ ಮನೆಯಲ್ಲೇ ಆದವು. ಬೀದಿಯ ಕೂಸುಗಳಿಗೆಲ್ಲ ನೀರು ಹಾಕುತ್ತಿದ್ದ ಮುದುಕಿ, ಮಗಳಿಗೆ ಜ್ವರವೆಂದು ಕ್ಯಾಸನೂರಿಗೆ ಹೋದವಳು ತಿರುಗಿ ಬರಲಿಲ್ಲ. ಮಂಗನ ಕಾಯಿಲೆ ಬಂದು ಕಾಡಿನಲ್ಲಿ ಮಂಗಗಳು, ಊರಲ್ಲಿ ಜನ ಸಾಯುತ್ತಿದ್ದ ವರ್ಷ ಅದು; ಆ ಕಡೆಯವರನ್ನು ಕರೆಯಲು ಜನ ಹೆದರುತ್ತಿದ್ದರು. ಅತ್ತೆ ತಮ್ಮ ತವರೂರಿಗೆ ಹೇಳಿಕಳಿಸಿ ಕೆಂಚಮ್ಮನನ್ನು ಕರೆಸಿದರು.

ಕೆಂಚಮ್ಮ ಜೈಲಿನಿಂದ ಬಂದು ಒಂದು ಮಳೆಗಾಲ ಕಳೆದಿತ್ತು. ಗಂಡನ ಹೊಡೆತ ತಾಳದೆ ಎದೆಗೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಾವಿಗೆ ಹಾರಿದ್ದಳು. ಜನ ಅವಳನ್ನು ಮೇಲೆತ್ತಿದರು, ಕೂಸು ಉಳಿಯಲಿಲ್ಲ. ಕೊಲೆಯ ಕೇಸಾಗಿ ಶಿಕ್ಷೆಯಾಯಿತು. ಬಿಡುಗಡೆಯಾಗಿ ಬಂದ ಮೇಲೆ ಕಳೆ ಕೀಳಲೂ ಅವಳನ್ನು ಯಾರೂ ಕರೆದಿರಲಿಲ್ಲ.

"ಅವಳಿಗೆ ಬೇರೆ ಏನಾದ್ರೂ ಕೆಲಸ ಕೊಡಿ ಅತ್ತೆ. ಇದು ಬೇಡ," ಎಂದೆ.

"ಕಸ ಹೊಡಿಯಾಕೆ ಇಟ್ಕಂಡ್ರೆ ನಾಳೆ ಊರೋರೂ ಕಸಕ್ಕೇ ಕರೀತಾರೆ. ನಿನ್ನ ಗಂಡಗೆ ನೀರು ಹಾಕಿದ್ದು ಇವಳ ತಾಯಿ. ಆ ಕೆಲಸ ಇವಳಿಗೂ ಬರ್ತತೆ. ಒಂದು ಕೂಸು ಇವಳ ಕಾಲ ಮ್ಯಾಲೆ ಮಲಗಿದ್ರೆ ಸಾಕು, ನಾಕು ಮನಿಯೋರು ಕರೀತಾರೆ."

"ಒಂದು ಕೂಸು ಅಂದ್ರೆ ನಂದೇ ಅಲ್ವಾ!"

"ನನ್ನ ಮೊಮ್ಮಗನೂ ಹೌದಲ್ಲೇನವ್ವಾ?"

ಕೆಂಚಮ್ಮ ಮಣೆಯ ಮೇಲೆ ಕೂತು, ಕಾಲು ಚಾಚಿ, ಕೂಸನ್ನು ಅದರ ಮೇಲೆ ಮಲಗಿಸಿಕೊಂಡಳು. ನಾನು ಕದದ ಸಂದಿಯಿಂದ ಅವಳ ಕೈಗಳನ್ನೇ ಕಾಯುತ್ತಿದ್ದೆ. ಸಂದಿಯಿಂದ ನನಗೆ ಅವಳು ಕಂಡರೆ ಅವಳಿಗೂ ನಾನು ಕಾಣುತ್ತೇನೆ ಎಂಬಷ್ಟು ಬುದ್ಧಿ ಇರಲಿಲ್ಲ.

"ಒಳಗೆ ಬಂದು ಎದುರಿಗೇ ಕುಂದ್ರಿ ಅಕ್ಕಾರೆ," ಎಂದಳು, ತಲೆ ಎತ್ತದೆ. "ಬಾಣಂತಿ ಹಂಗೆ ಸಂದಿ ಗಾಳಿಗೆ ನಿಂದ್ರಬಾರ್ದು."

ಮೂರು ದಿನ ಎದುರಿಗೇ ಕೂತೆ. ನಾಲ್ಕನೆಯ ದಿನ ಎದುರುಮನೆಯ ಗೌರಮ್ಮ, ಸರಿಯಾಗಿ ಸ್ನಾನದ ಹೊತ್ತಿಗೇ ಬಂದರು. ಅವರ ಮಗಳು ಬಸುರಿ, ಹೆರಿಗೆಗೆ ಬಂದಿದ್ದಳು. ಬಚ್ಚಲ ಬಾಗಿಲಲ್ಲಿ ನಿಂತು ಅತ್ತೆಯ ಕಡೆ ತಿರುಗಿ, "ಇವಳಿಗೆ ನೀರಂದ್ರೆ ಭಯ ಇಲ್ಲ ಬಿಡ್ರಿ," ಎಂದು ನಕ್ಕರು.

ಕೆಂಚಮ್ಮನ ಕೈಯಲ್ಲಿದ್ದ ಚೊಂಬು ಅಲುಗಿತು. ಕೂಸಿನ ಮೂಗಿಗೆ ನೀರು ಹೋಯಿತು. ಅದು ಉಸಿರು ಹಿಡಿದು ಕೆಂಪಾಯಿತು. ಅವಳು ತಕ್ಷಣ ಬೋರಲು ಮಲಗಿಸಿ ಬೆನ್ನು ತಟ್ಟಿದಳು, ಕೂಸು ಚೀರಿತು. ಅಷ್ಟೇ. ಯಾವ ಕೂಸಿಗಾದರೂ ಆಗುವಂಥದ್ದೇ. ಆದರೆ ಕೆಂಚಮ್ಮ ಅದನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಕಡೆ ಚಾಚಿದಳು.

"ತಗಳ್ರಿ. ನಾ ಊರಿಗೆ ಹೋಗ್ತೀನಿ."

ಗೌರಮ್ಮ ನಗುವುದನ್ನು ನಿಲ್ಲಿಸಿದ್ದರು. ಅತ್ತೆ ನನ್ನನ್ನೇ ನೋಡುತ್ತಿದ್ದರು. ನನ್ನ ಕೈಗಳು ಆಗಲೇ ಮುಂದೆ ಹೋಗಿದ್ದವು. ಆಗ ಕೂಸಿನ ನೆತ್ತಿಯ ಮೇಲೆ ಅಂಟಿದ್ದ ಕಡಲೆಹಿಟ್ಟು ಕಂಡಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ:

"ಹಿಟ್ಟು ಇನ್ನೂ ಹೋಗಿಲ್ಲ ಕೆಂಚಮ್ಮ. ಪೂರ್ತಿ ತೊಳೆದು ಕೊಡು."

ಅವಳು ನನ್ನ ಮುಖ ನೋಡಿದಳು. ಆಮೇಲೆ ಕೂಸನ್ನು ಮತ್ತೆ ಕಾಲ ಮೇಲೆ ಮಲಗಿಸಿಕೊಂಡಳು. ಚೊಂಬನ್ನು ಮುಟ್ಟಲಿಲ್ಲ; ಬೊಗಸೆಯಲ್ಲಿ ನೀರು ತೆಗೆದುಕೊಂಡು, ಸ್ವಲ್ಪ ಸ್ವಲ್ಪವೇ ಬಿಟ್ಟು ಹಿಟ್ಟು ತೊಳೆದಳು. ಬಹಳ ಹೊತ್ತು ಹಿಡಿಯಿತು. ಗೌರಮ್ಮ ಕೊನೆಯವರೆಗೂ ನಿಂತಿದ್ದರು.

ಅವರ ಮಗಳು ಹೆತ್ತ ಮಾರನೆಯ ಬೆಳಿಗ್ಗೆ ಅವರೇ ನಮ್ಮ ಬಾಗಿಲಿಗೆ ಬಂದು, "ನಿಮ್ಮ ನೀರು ಹಾಕೋಳ್ನ ಒಂದೀಟು ಕಳಿಸ್ರಿ," ಎಂದರು.

"ಅವಳಿಗೆ ಹೆಸರೈತೆ. ನೀವೇ ಕರೀರಿ," ಎಂದರು ಅತ್ತೆ.

ಗೌರಮ್ಮ ಸೆರಗು ಸರಿಮಾಡಿಕೊಂಡರು. ಹಿತ್ತಲ ಕಡೆ ಮುಖ ಮಾಡಿ, "ಕೆಂಚಮ್ಮಾ, ಬರ್ತೀಯೇನವ್ವಾ?" ಎಂದು ಕೂಗಿದರು. ಆಮೇಲೆ ಕೆಂಚಮ್ಮನನ್ನು ಯಾರೂ ಕಳೆ ಕೀಳಲು ಕರೆಯಬೇಕಾಗಿ ಬರಲಿಲ್ಲ. ಅವಳಿಗೆ ಬಿಡುವೇ ಇರಲಿಲ್ಲ.

ಮೊಮ್ಮಗಳು ಎಣ್ಣೆ ತಿಕ್ಕುವುದನ್ನು ನಿಲ್ಲಿಸಿದ್ದಳು. "ಅವತ್ತು ನಿಂಗೆ ಭಯ ಆಗ್ಲಿಲ್ವಾ ಅಜ್ಜಿ?"

"ಆಗಿತ್ತು."

"ಯಾವಾಗ ಹೋಯ್ತು?"

"ಹೋಗ್ಲಿಲ್ಲ. ಇಟ್ಕೊಂಡೇ ಕೂಸನ್ನ ಕೊಟ್ಟೆ."

ಮೊಮ್ಮಗಳು ಕೂಸಿನ ಮುಷ್ಟಿಯನ್ನು ಒಂದೊಂದೇ ಬೆರಳಾಗಿ ಬಿಡಿಸಿ, ಅದರ ಅಂಗೈಯನ್ನು ಬಹಳ ಹೊತ್ತು ನೋಡುತ್ತಾ ಕೂತಳು.