ಹೋಗಿ ಬರುತ್ತೇನೆ ಎಂದ ಶನಿವಾರ

ವರ್ಜೀನಿಯಾದ ಸೆಂಟರ್‌ವಿಲ್‌ನಲ್ಲಿ ನಾನಿದ್ದ ದಿನಗಳಲ್ಲಿ, ಶನಿವಾರ ಕನ್ನಡದವರ ಮನೆಗೆ ಊಟಕ್ಕೆ ಹೋದರೆ ಮೊದಲ ಪ್ರಶ್ನೆ ಒಂದೇ ಇರುತ್ತಿತ್ತು: "ಯಾವ್ ಕಂಪ್ನೀಲಿ ವರ್ಕ್ ಮಾಡ್ತಿದೀರ?" ಕಂಪನಿಯಲ್ಲ, ಶಾಲೆಯಲ್ಲಿ ಗಣಿತ ಕಲಿಸಲು ಮೂರು ವರ್ಷದ ವೀಸಾದ ಮೇಲೆ ಮೈಸೂರಿನಿಂದ ಬಂದಿದ್ದೇನೆ ಎಂದರೆ ಮುಖಗಳು ಅರಳುತ್ತಿದ್ದವು. ಬಿಸಿಬೇಳೆಬಾತಿನ ತಟ್ಟೆ ಕೈಗೆ ಬರುವುದರೊಳಗೆ ಆ ಮನೆಯ ಮಗುವಿನ ಆಲ್ಜೀಬ್ರಾ ಪುಸ್ತಕ ಮಡಿಲಿಗೆ ಬಂದಿರುತ್ತಿತ್ತು. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅಂತ ಪಕ್ಕದ ಮನೆಯ ಮಕ್ಕಳೂ ಸೇರಿಕೊಳ್ಳುತ್ತಿದ್ದರು. ಒಳ್ಳೆಯ ಜನವೇ, ಕಾರಿಲ್ಲದ ನನ್ನನ್ನು ಮನೆತನಕ ಬಿಟ್ಟು ಹೋಗುತ್ತಿದ್ದರು. ಆದರೆ ಐದು ದಿನ ಸಮೀಕರಣ ಬಿಡಿಸಿದವಳಿಗೆ ಆರನೆಯ ದಿನವೂ ಅದೇ ಎಂದರೆ ರೇಗುತ್ತಿತ್ತು.

ಶಾಲೆಯಲ್ಲಿ ಪಕ್ಕದ ತರಗತಿಯವರು ಕೊರಿಯಾದಿಂದ ಬಂದ ಶಿಕ್ಷಕಿ. ನನ್ನಂತೆಯೇ ಮೂರು ವರ್ಷದ ವೀಸಾ, ನನ್ನಂತೆಯೇ ಒಬ್ಬರೇ ಬಂದವರು. ಕೋವಿಡ್ ಕಾಲದ ಮಾಸ್ಕ್ ಕಡ್ಡಾಯ ತೆಗೆದ ಮೇಲಷ್ಟೇ ನಾವು ಒಬ್ಬರ ಪೂರ್ತಿ ಮುಖವನ್ನು ಇನ್ನೊಬ್ಬರು ನೋಡಿದ್ದು. ಅದಾದ ವಾರವೇ ಅವರು ಶನಿವಾರ ಮಧ್ಯಾಹ್ನದ ಊಟಕ್ಕೆ ಕರೆದರು. ಮನೆ ನಡೆದು ಹೋಗುವಷ್ಟು ಹತ್ತಿರ. ಸಸ್ಯಾಹಾರಿ ಎಂದು ನನಗೋಸ್ಕರ ಮೀನಿನ ಸಾಸ್ ಹಾಕದೆ ಎಲೆಕೋಸಿನ ಕಿಮ್ಚಿ, ಅವರ ಕಡೆಯ ಉಪ್ಪಿನಕಾಯಿ, ಮಾಡಿಟ್ಟಿದ್ದರು. ಇಬ್ಬರ ಇಂಗ್ಲಿಷೂ ಬೇರೆಬೇರೆ ಊರಿನದಾದ್ದರಿಂದ ಹೆಚ್ಚು ಮಾತಾಡಲಿಲ್ಲ. ಉಂಡು ನಾನು ಸೋಫಾದಲ್ಲಿ ಕೂತಲ್ಲೇ ಒಂದು ಗಂಟೆ ನಿದ್ದೆ ಮಾಡಿದೆ, ಅವರು ಎಬ್ಬಿಸಲಿಲ್ಲ. ನನ್ನಿಂದ ಏನನ್ನೂ ಕೇಳದ ಮನೆ ಆ ದೇಶದಲ್ಲಿ ನನಗೆ ಅದೊಂದೇ ಸಿಕ್ಕಿತ್ತು.

ಹೊರಡುವಾಗ ಶೂ ಹಾಕಿಕೊಳ್ಳುತ್ತ, ಹುಟ್ಟಿದಾಗಿನಿಂದ ಬಾಯಲ್ಲಿ ಕೂತ ಮಾತನ್ನು ಹಾಗೇ ಇಂಗ್ಲಿಷಿಗೆ ತಿರುಗಿಸಿದೆ: "ಐ ವಿಲ್ ಗೋ ಅಂಡ್ ಕಮ್." ಹೋಗಿ ಬರ್ತೀನಿ ಅಂತ. ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿ, ಆಯಿತು ಎಂದು ತಲೆಯಾಡಿಸಿದರು.

ಮುಂದಿನ ಶನಿವಾರ ನಾನು ಯಾರದೋ ಮನೆಯ ನಾಮಕರಣಕ್ಕೆ ಹೋದೆ. ಸೋಮವಾರ ಊಟದ ಹೊತ್ತಿಗೆ ಅವರು ಬೇರೆ ಮೇಜಿಗೆ ಹೋಗಿ ಕೂತರು. ಮಂಗಳವಾರವೂ ಅಷ್ಟೇ. ಇದ್ದದ್ದೇ ಒಂದು ಮನೆ, ಅದೂ ಕೈತಪ್ಪಿತಲ್ಲ ಎಂದು ನಿಜಕ್ಕೂ ಹೆದರಿದೆ. ಬುಧವಾರ ಅವರ ತರಗತಿಗೇ ಹೋಗಿ ಏನಾಯಿತೆಂದು ಕೇಳಿದೆ. ಬರುತ್ತೇನೆ ಎಂದಿದ್ದಿರಿ, ಶನಿವಾರ ಅಡುಗೆ ಮಾಡಿಟ್ಟು ನಾಲ್ಕು ಗಂಟೆಯವರೆಗೆ ಕಾದೆ ಎಂದು ಅವರು ಬೋರ್ಡ್ ಒರೆಸುತ್ತಲೇ ಹೇಳಿದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಮ್ಮಲ್ಲಿ 'ಹೋಗ್ತೀನಿ' ಅನ್ನುವುದು ಅಶುಭ, ಬ್ಯಾಂಕಿನ ಕೌಂಟರಿನಿಂದ ಹೊರಟರೂ 'ಬರ್ತೀನಿ' ಎಂದೇ ಹೇಳುತ್ತೇವೆ, ಅದಕ್ಕೆ ಅಂಥ ಅರ್ಥವೇನೂ ಇಲ್ಲ ಎಂದು ಸಮಜಾಯಿಷಿ ಕೊಟ್ಟೆ. ಅರ್ಥವಿಲ್ಲ ಎಂದದ್ದು ಎರಡನೆಯ ತಪ್ಪು. ಅದು ಹೇಳುತ್ತಿರುವಾಗಲೇ ಗೊತ್ತಾಯಿತು.

ಅವರು ಡಸ್ಟರ್ ಕೆಳಗಿಟ್ಟರು. "ನಮ್ಮಲ್ಲೂ ಹಾಗೇ ಹೇಳ್ತೀವಿ," ಎಂದರು. "ಆದ್ರೆ ಸ್ವಂತ ಮನೆಯಿಂದ ಹೊರಡೋವಾಗ ಮಾತ್ರ."

ಗಂಟೆ ಹೊಡೆಯಿತು, ಮಕ್ಕಳು ಒಳಗೆ ಬಂದರು, ನಾನು ನನ್ನ ತರಗತಿಗೆ ಹೋಗಿ ಭಿನ್ನರಾಶಿ ಕಲಿಸಿದೆ. ಅವತ್ತು ಎರಡು ಲೆಕ್ಕ ತಪ್ಪು ಮಾಡಿದೆ.

ಆ ಶನಿವಾರ ಕನ್ನಡದವರ ಪಾಟ್‌ಲಕ್ ಊಟವಿತ್ತು, ಒಬ್ಬೊಬ್ಬರು ಒಂದೊಂದು ಅಡುಗೆ ತರುವುದು. ಬರುವುದಿಲ್ಲವೆಂದು ಅವರ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಹಾಕಿದೆ. ಕರೆಯದೆ ಒಬ್ಬರ ಮನೆಗೆ ಹೋದದ್ದು ಅಮೆರಿಕದಲ್ಲಿ ಅದೇ ಮೊದಲು. ಚಿತ್ರಾನ್ನದ ಡಬ್ಬಿ ಹಿಡಿದು ಆ ಶಿಕ್ಷಕಿಯ ಮನೆಯ ಬೆಲ್ ಒತ್ತಿದೆ. ಒಳಗೆ ಹೆಜ್ಜೆ ಸಪ್ಪಳ ಕೇಳಿಸಿತು, ಬಾಗಿಲು ಮಾತ್ರ ತಕ್ಷಣ ತೆರೆಯಲಿಲ್ಲ. ತೆರೆದವರು ಗೋಡೆಯ ಗಡಿಯಾರ ನೋಡಿದರು.

"ಒಂದು ವಾರ ಲೇಟ್," ಎಂದು ಹೇಳಿ, ನನ್ನ ಶೂಗೆ ಜಾಗ ಮಾಡಲು ತಮ್ಮ ಚಪ್ಪಲಿಯನ್ನು ಕಾಲಿನಿಂದಲೇ ಪಕ್ಕಕ್ಕೆ ಸರಿಸಿದರು.