ಕರೆಂಟಿನ ಮನೆಗೆ ಪಕ್ಕದ ಮನೆಯ ಕೆಂಡ

ಮೊನ್ನೆ ಬೆಳಿಗ್ಗೆ ನನ್ನ ಹೆಂಡತಿ ಗೌರಿ ಕಬ್ಬಿಣದ ಸಟ್ಟುಗ ಹಿಡಿದು ಪಕ್ಕದ ಮನೆಗೆ ಹೋದಳು. ಕೆಂಡ ಕೇಳುವುದಕ್ಕೆ.

ಇದರಲ್ಲೇನು ವಿಶೇಷ ಎನ್ನುತ್ತೀರಾ? ಮಡಿಕೇರಿಯ ನಮ್ಮ ಬೀದಿಯಲ್ಲಿ ಸೌದೆಯೇ ಇಲ್ಲದ ಮನೆ ನಮ್ಮದೊಂದೇ. ಅಡುಗೆ, ಸ್ನಾನದ ನೀರು, ಇಸ್ತ್ರಿ, ದೀಪ, ಎಲ್ಲವೂ ಕರೆಂಟು.

ಶೋಕಿಗೆ ಮಾಡಿದ್ದಲ್ಲ. ಬಾಣಂತನ ಮುಗಿಸಿ ಬಂದ ಗೌರಿಗೆ ಕೆಮ್ಮು ಹಿಡಿದು ಬಿಡಲೇ ಇಲ್ಲ. "ಇನ್ನು ಹೊಗೆ ಕುಡಿದರೆ ಎದೆ ಉಳಿಯೋದಿಲ್ಲ" ಎಂದರು ಡಾಕ್ಟರು. ನಮ್ಮ ವಂಶದಲ್ಲಿ ಬಿ.ಎ. ಪಾಸಾದವನು ನಾನೊಬ್ಬನೇ (ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ). ಹಾಸನದ ಕಡೆಯಿಂದ ಬಂದು ಹೊಳೆದಂಡೆಯಲ್ಲಿ ಹೊಲ ಮಾಡಿದ ಅಪ್ಪ ಬೆನ್ನು ಬಗ್ಗಿಸಿ ಫೀಸು ಕಟ್ಟಿದರು. ಅಮ್ಮ ಊದುಕೊಳವೆ ಊದುತ್ತಲೇ ಮುದುಕಿಯಾದಳು. ಓದಿದ್ದಕ್ಕೆ ಇಷ್ಟಾದರೂ ಆಗಬೇಡವೇ? ಮಣ್ಣಿನ ಒಲೆಯನ್ನೇ ಒಡೆಸಿಬಿಟ್ಟೆ.

ಗೌರಿಯ ಕೆಮ್ಮು ನಿಂತಿತು. ಬಿಲ್ಲು ಶುರುವಾಯಿತು.

ಹೋದ ವಾರ ಬೊಂಬಾಯಿಯಿಂದ ಗೌರಿಯ ಅಣ್ಣ ರಾಮಣ್ಣ ಬಂದಿದ್ದ. ಬಿಲ್ಲು ನೋಡಿ ನಕ್ಕ.

"ದಂಡ, ಭಾವ! ನಮ್ಮಲ್ಲಿ ಗ್ಯಾಸು ಕೊಳಾಯೀಲಿ ಬರ್ತದೆ. ತಿರುಗಿಸು, ಕಡ್ಡಿ ಗೀರು, ಅನ್ನ! ಇದರ ಅರ್ಧ ಖರ್ಚು."

"ನಿಮ್ಮ ಗ್ಯಾಸು ಇಸ್ತ್ರಿ ಮಾಡ್ತದಾ? ದೀಪ ಹತ್ತಿಸ್ತದಾ? ಅದಕ್ಕೆ ಬೇರೆ ಬಿಲ್ಲು ಇಲ್ವಾ?" ಎಂದು ನಾನು ಬಿಡಲಿಲ್ಲ.

ಮಧ್ಯಾಹ್ನವೆಲ್ಲ ಇದೇ. ಎರಡು ಕಾಲ್ಪನಿಕ ಮನೆ ಕಟ್ಟಿದೆವು, ಒಂದು ಗ್ಯಾಸಿನದು, ಇನ್ನೊಂದು ಕರೆಂಟಿನದು. ಕೊನೆಗೆ ಗ್ಯಾಸಿನ ಮನೆ ಗೆದ್ದಿತು. ಬೊಂಬಾಯಿಯಲ್ಲಿ. ನಮ್ಮ ಈ ಪುಟ್ಟ ಕೊಡಗು ರಾಜ್ಯದಲ್ಲಿ ಗ್ಯಾಸು ಎಂದರೆ ಮದುವೆಯ ದಿಬ್ಬಣದಲ್ಲಿ ತಲೆಯ ಮೇಲೆ ಹೊತ್ತು ತರುವ ದೀಪ, ಅಷ್ಟೆ.

ಆದರೆ ನಾವಿಬ್ಬರೂ ಮಗುವಿನ ಬಟ್ಟೆಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮಡಿಕೇರಿಯ ಆಷಾಢದಲ್ಲಿ ಒಗೆದ ಬಟ್ಟೆ ಹೇಗೆ ಒಣಗುತ್ತದೆ? ಅಗ್ಗಿಷ್ಟಿಕೆಯಲ್ಲಿ ಕೆಂಡ, ಅದರ ಮೇಲೆ ಕವುಚಿದ ಬಿದಿರಿನ ಬುಟ್ಟಿ, ಬುಟ್ಟಿಯ ಮೇಲೆ ಬಟ್ಟೆ. ಕರೆಂಟಿನ ಒಲೆಯ ಮೇಲೂ ಒಮ್ಮೆ ಹರಡಿ ನೋಡಿದೆವು. ಸುಟ್ಟು ತೂತಾಯಿತು. ಒಲೆ ಒಡೆಸಿದ ಮನೆಯಲ್ಲಿ ಕೆಂಡ ಎಲ್ಲಿಂದ ತರುವುದು? ಹಾಗಾಗಿ ಈಗ ದಿನವೂ ಸಟ್ಟುಗ ಪಕ್ಕದ ಮನೆಯ ಚಿನ್ನಮ್ಮಕ್ಕನ ಬಾಗಿಲಿಗೆ ಹೋಗುತ್ತದೆ.

"ಎಂತ ಗೌರಿ, ಕರೆಂಟಿನ ಮನೆಯವರಿಗೆ ಕೆಂಡ ಎಂತಕ್ಕೆ? ಸ್ವಿಚ್ ಒತ್ತಿದ್ರೆ ಉದುರೋದಿಲ್ವಾ?" ಚಿನ್ನಮ್ಮಕ್ಕ ಕೊಡದೆ ಇರುವವರಲ್ಲ. ಒಂದು ಮಾತು ಅಂದೇ ಕೊಡುವವರು.

ಗೌರಿಯೂ ಬಿಡಲಿಲ್ಲವಂತೆ. "ನಿಮ್ಮನೆ ಕೆಂಡಕ್ಕೆ ಬಿಲ್ಲು ಬರೋದಿಲ್ಲ ನೋಡಿ ಅಕ್ಕ, ಅದಕ್ಕೇ."

ನಿನ್ನೆ ಮಗುವಿಗೆ ಶೀತ. ಗೌರಿ ಅದನ್ನು ಬಿಟ್ಟು ಏಳಲಾಗದೆ ಸಟ್ಟುಗ ನನ್ನ ಕೈಗೆ ಬಂತು. (ಪದವೀಧರನ ಕೈಯಲ್ಲಿ ಸಟ್ಟುಗ ನೋಡಿ ಬೀದಿಗೆ ಖುಷಿಯೋ ಖುಷಿ.) ಹೋಗಿದ್ದು ಹತ್ತು ಗಂಟೆಯ ಮೇಲೆ. ಅವರ ಅಡುಗೆ ಯಾವಾಗಲೋ ಮುಗಿದಿತ್ತು, ಒಲೆಯ ಮೇಲೆ ಪಾತ್ರೆಯೂ ಇಲ್ಲ. ಆದರೂ ಹಸಿ ಸೌದೆ ಉರಿಯುತ್ತಿತ್ತು. ಹೊಗೆಯ ನಡುವೆ ಚಿನ್ನಮ್ಮಕ್ಕ ಊದುಕೊಳವೆ ಹಿಡಿದು ಕುಳಿತಿದ್ದರು.

"ಇನ್ನೂ ಎಂತಕ್ಕೆ ಉರಿಸ್ತಿದ್ದೀರಿ?"

"ಗೌರಿ ಬರ್ಲಿಲ್ಲ ಅಲ್ಲ, ಹಾಗೆ ಆರಿಸ್ಲಿಲ್ಲ. ಈ ಮಳೇಲಿ ಮಗುವಿಗೆ ಒದ್ದೆ ಬಟ್ಟೆ ಹಾಕ್ಲಿಕ್ಕೆ ಆಗ್ತದಾ?"

ಅಷ್ಟು ಹೇಳುವುದರೊಳಗೆ ಕೆಮ್ಮು ಬಂತು. ಸೆರಗು ಬಾಯಿಗೆ ಒತ್ತಿಕೊಂಡು, ಗೋಡೆ ಹಿಡಿದು ಕೆಮ್ಮಿದರು. ಆ ಕೆಮ್ಮಿನ ಗುರುತು ನನಗಿದೆ. ಮೊನ್ನೆ ಮೊನ್ನೆಯವರೆಗೂ ಅದು ನಮ್ಮ ಮನೆಯಲ್ಲಿತ್ತು.

ಕೆಂಡ ತಂದೆ. ಬಟ್ಟೆ ಒಣಗಿತು. ಬೇಡ ಎಂದು ತಿರುಗಿ ಬರುವ ಧೈರ್ಯ, ಮಗುವಿನ ಶೀತ ನೆನಪಾದರೆ, ನನಗಿರಲಿಲ್ಲ. ನಾಳೆಯೂ ಇರುವುದಿಲ್ಲ.

ಬೊಂಬಾಯಿಯ ರಾಮಣ್ಣನಿಗೆ ಕಾಗದ ಬರೆಯಬೇಕು. ಗ್ಯಾಸೋ ಕರೆಂಟೋ, ಯಾವುದು ಅಗ್ಗವಾದರೂ ಇರಲಿ. ಚಿನ್ನಮ್ಮಕ್ಕನ ಎದೆಯನ್ನು ಯಾವ ಮನೆಯ ಖರ್ಚಿಗೆ ಹಾಕೋಣ?