ಹುಳ ಜ್ವರಕ್ಕೆ ಕೂತ ದಿನ ರೂತಮ್ಮ ಆಡಿದ ಮಾತು

“ಆರು ವರ್ಷ ಒಂದೇ ಮನೇಲಿ ರೇಷ್ಮೆ ಹುಳ ಸಾಕ್ದೆ ಕಣಮ್ಮ. ಬೆಳಿಗ್ಗೆ ಸೊಪ್ಪು, ಮಧ್ಯಾಹ್ನ ಸೊಪ್ಪು, ಸಂಜೆ ಸೊಪ್ಪು, ಬರೀ ಅದೇ ಮಾತು. ಯೇಸುಸ್ವಾಮಿ ಹೆಸ್ರ ಒಂದಿನ ಎತ್ತಲಿಲ್ಲ. ಬಾಯಿಗೆ ಬರ್ತಿತ್ತು, ನುಂಗ್ಕಂತಿದ್ದೆ. ಕೆಲ್ಸಕ್ಕೆ ಬಂದೋಳು ಜಾತಿ ಕೆಡಿಸಾಕೆ ಬಂದವ್ಳೆ ಅಂದ್ಬುಟ್ರೆ? ಊರಲ್ಲಿರೋದು ನಮ್ಮೋರ್ದು ಎರಡೇ ಮನೆ. ಆ ಗುರುವಾರ ಹುಳ ನಾಲ್ಕನೇ ಜ್ವರಕ್ಕೆ ಕೂತ್ವು. ಸೊಪ್ಪು ಹಾಕಂಗಿಲ್ಲ, ಕೈಗೆ ಕೆಲ್ಸ ಇಲ್ಲ. ಕಾವೇರಕ್ಕ ನಾನು ಹುಳದ ಮನೆ ಬಾಗ್ಲಲ್ಲಿ ಕೂತಿದ್ವಿ. ಅಕ್ಕ ತಿರ್ಗಾ ಅವ್ರಕ್ಕನ ಮಾತೇ ತೆಗೆದ್ರು. ಅವ್ಳು ಸತ್ತು ಎರಡು ವರ್ಷ ಆಯ್ತು, ಕೊನೇಲಿ ಆಡಿದ್ದು ಜಗಳದ ಮಾತೇ ಆಗೋಯ್ತಲ್ಲ ಅಂತ ಕಣ್ಣಲ್ಲಿ ನೀರು ಹಾಕುದ್ರು. ನಂಗೆ ತಡ್ಕಳಾಕಾಗ್ನಿಲ್ಲ. ‘ಅಕ್ಕಾ, ಎಂಥ ತಪ್ಪು ಮಾಡಿದ್ರೂ ಕ್ಷಮಿಸೋನು ಒಬ್ಬ ಅವ್ನೆ. ನನ್ನ ಕ್ಷಮಿಸವ್ನೆ. ಯೇಸುಸ್ವಾಮಿ ಹತ್ರ ಹೇಳ್ಕಳಿ’ ಅಂದ್ಬುಟ್ಟೆ. ಅಂದಿದ್ದು ಅಷ್ಟೇಯ. ಅಕ್ಕ ನನ್ ಮುಖಾನೇ ಒಸಿ ಹೊತ್ತು ನೋಡುದ್ರು. ಆಮೇಲೆ ಸೆರಗು ಕೊಡವ್ಕಂಡು ಎದ್ದೋದ್ರು. ಆರು ವರ್ಷದ್ದ ಒಂದ್ಗಳಿಗೇಲಿ ಕೆಡಿಸ್ಬುಟ್ಟೆ ಅನ್ನಿಸ್ತು ಕಣಮ್ಮ ನಂಗೆ.”

ಇದು ರೂತಮ್ಮ ತನ್ನ ಮನೆ ಜಗಲಿ ಮೇಲೆ ಕೂತು ನನಗೆ ಹೇಳಿದ್ದು. ಎರಡು ಭಾನುವಾರ ಅವಳು ನಮ್ಮ ಚರ್ಚಿನ ಸಭೆಗೆ ಬಂದಿರಲಿಲ್ಲ. ಹುಳ ದೊಡ್ಡವಾಗಿದ್ದರೆ ಬರಲಾಗುವುದಿಲ್ಲ ಅನ್ನುವುದು ಗೊತ್ತಿದ್ದದ್ದೇ, ಆದರೂ ಮನಸ್ಸು ತಡೆಯದೆ ಸಂಜೆ ಬಸ್ಸು ಹಿಡಿದು ಹೋಗಿದ್ದೆ.

ರೂತಮ್ಮನಿಗೆ ಈಗ ಐವತ್ತೆರಡು. ತವರು ಕನಕಪುರದ ಕಡೆ, ಅಪ್ಪನ ಕಾಲದಿಂದಲೂ ಕ್ರೈಸ್ತರು. ಮದುವೆಯಾಗಿ ಬಂದದ್ದು ವಿರೂಪಾಕ್ಷಿಪುರದ ಪಕ್ಕದ ಈ ಹಳ್ಳಿಗೆ. ಗಂಡ ತೀರಿಕೊಂಡ ಮೇಲೆ ಬೋರಲಿಂಗಯ್ಯನವರ ಮನೆಯಲ್ಲಿ ಹುಳದ ಕೆಲಸಕ್ಕೆ ಸೇರಿದಳು. ಬೋರಲಿಂಗಯ್ಯನವರಿಗೆ ಎರಡು ಎಕರೆ ಹಿಪ್ಪುನೇರಳೆ ಸೊಪ್ಪಿನ ತೋಟ. ಅವರ ಹೆಂಡತಿಯೇ ಕಾವೇರಮ್ಮ. ಇಬ್ಬರು ಹೆಂಗಸರೂ ಹೆಚ್ಚು ಕಮ್ಮಿ ಒಂದೇ ವಯಸ್ಸು. ಒಬ್ಬರ ಬೆನ್ನು ನೋವು ಒಬ್ಬರಿಗೆ ಗೊತ್ತು, ಒಬ್ಬರ ಸಾರಿನ ರುಚಿ ಒಬ್ಬರಿಗೆ ಗೊತ್ತು. ರೂತಮ್ಮನಿಗೆ ಕೂಲಿ ಕೆಲಸ ಬೇರೆ ಕಡೆ ಸಿಕ್ಕೇ ಸಿಗುತ್ತದೆ. ಕಾವೇರಮ್ಮ ಬೇರೆ ಕಡೆ ಸಿಗುವುದಿಲ್ಲ. ಅವಳ ಭಯವೆಲ್ಲ ಅದೇ.

ಹುಳದ ಮನೆ ನೋಡದವರಿಗೆ ಒಂದು ಮಾತು ಹೇಳಬೇಕು. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಒಂದು ಹಗಲು ಒಂದು ರಾತ್ರಿ ತಲೆ ಎತ್ತಿಕೊಂಡು ಅಲ್ಲಾಡದೆ ಕೂತುಬಿಡುತ್ತವೆ. ಆಗ ಸೊಪ್ಪು ಹಾಕಬಾರದು. ಎಲ್ಲವೂ ಪೊರೆ ಬಿಟ್ಟು ಎದ್ದ ಮೇಲೆ ಒಟ್ಟಿಗೆ ಹಾಕಬೇಕು. ಮುಂಚೆ ಹಾಕಿದರೆ ಎದ್ದವು ತಿಂದು ಮುಂದೆ ಹೋಗುತ್ತವೆ, ಏಳದವು ಸೊಪ್ಪಿನ ಅಡಿ ಸಿಕ್ಕಿ ನರಳುತ್ತವೆ. ಕೆಲವು ಗೂಡು ಕಟ್ಟುವ ಹೊತ್ತಿಗೆ ಕೆಲವು ಇನ್ನೂ ಸೊಪ್ಪು ಕೇಳುತ್ತಿರುತ್ತವೆ. ಇದು ರೂತಮ್ಮನಿಗೆ ಗೊತ್ತಿಲ್ಲದ್ದಲ್ಲ. ಊರಿನ ಎಳೆ ಹೆಣ್ಣುಮಕ್ಕಳಿಗೆ ಹೇಳಿಕೊಟ್ಟವಳೇ ಅವಳು.

ಆ ಗುರುವಾರ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲವಂತೆ. ಸ್ವಾಮಿ, ನಾನು ಅವಸರ ಮಾಡಿದೆನೋ, ತಡ ಮಾಡಿದೆನೋ ಎಂದು ಕೇಳಿಕೊಂಡಿದ್ದೇ ಕೇಳಿಕೊಂಡಿದ್ದು. ಶುಕ್ರವಾರ ಬೆಳಕು ಹರಿಯುತ್ತಲೇ ಹೋದಳು. ದಿನಾ ಕಾಫಿ ಲೋಟ ಹಿಡಿದು ಹಿತ್ತಿಲ ಬಾಗಿಲಿಗೆ ಬರುವ ಕಾವೇರಮ್ಮ ಬರಲಿಲ್ಲ. ಬಾಗಿಲು ಮುಚ್ಚಿತ್ತು. ಒಳಗೆ ಮಾತಿನ ಸದ್ದು ಕೇಳುತ್ತಿತ್ತು, ಯಾರೂ ಹೊರಗೆ ಬರಲಿಲ್ಲ. ನನ್ನ ವಿಷಯವೇ ಗಂಡನ ಹತ್ತಿರ ಹೇಳುತ್ತಿದ್ದಾರೆ ಅಂದುಕೊಂಡಳು ರೂತಮ್ಮ. ಇವತ್ತೇ ಬೇಡ ಅಂತಾರೆ, ನಾಳೆಯಿಂದ ಈ ಅಂಗಳ ತುಳಿಯೋ ಹಾಗಿಲ್ಲ.

ಕೈ ಕಾಲು ಸುಮ್ಮನಿರಲಿಲ್ಲ. ಅಕ್ಕ ಬರುವುದರೊಳಗೆ ಕೆಲಸವೆಲ್ಲ ಮುಗಿದಿದ್ದರೆ ಸಿಟ್ಟು ಒಸಿ ಇಳಿದೀತು ಅನ್ನಿಸಿತು. ತೋಟಕ್ಕೆ ಹೋಗಿ ಸೊಪ್ಪು ಕೊಯ್ದು ತಂದಳು. ಬಾಗಿಲ ಹತ್ತಿರದ ಹುಳ ಎದ್ದು ತಲೆಯಾಡಿಸುತ್ತಿದ್ದವು. ಅಷ್ಟು ನೋಡಿದ್ದೇ ಸಾಕಾಯಿತು. ಒಳಗಿನ ಸಾಲು ಬಗ್ಗಿ ನೋಡಲಿಲ್ಲ. ಹುಳವಿದ್ದ ಮೂರು ಅಂಕಣಕ್ಕೂ ಕಡ್ಡಿ ಸಮೇತ ಸೊಪ್ಪು ಹರಡಿಬಿಟ್ಟಳು.

ಆಮೇಲೆ ಕಾವೇರಮ್ಮ ಬಂದರು. ಒಂದು ಕಡ್ಡಿ ಎತ್ತಿ ನೋಡಿದರು, ಇನ್ನೊಂದು ಎತ್ತಿದರು. ಅರ್ಧಕ್ಕರ್ಧ ಹುಳ ಇನ್ನೂ ಕೂತೇ ಇದ್ದವು.

ಹಿಂದೆಯೇ ಬೋರಲಿಂಗಯ್ಯ ಬಂದು ಬಾಗಿಲಲ್ಲಿ ನಿಂತರು. “ಏನಮ್ಮಿ ರೂತಿ, ನೆನ್ನೆ ನಮ್ಮನೆಯವ್ಳಿಗೆ ಬೋಧನೆ ಮಾಡ್ದಂತೆ. ಇವತ್ತು ಹುಳಕ್ಕೂ ಶುರು ಮಾಡ್ದಾ? ಅವೂ ಎದ್ದು ಕೂತ್ಕಂಡು ಕೇಳ್ಬೇಕಾ?” ಅಂದರು.

ಅವರು ನಗುತ್ತಿದ್ದರೋ ಬೈಯುತ್ತಿದ್ದರೋ ರೂತಮ್ಮನಿಗೆ ತಿಳಿಯಲಿಲ್ಲ. ನೆನ್ನೆಯ ಮಾತು ಅವರ ಕಿವಿಗೆ ಬಿದ್ದಿದೆ ಅನ್ನುವುದಷ್ಟೇ ತಿಳಿಯಿತು. ತಪ್ಪಾಯಿತು ಅಂದಳು. ಕಾವೇರಮ್ಮ ಗಂಡನಿಗೆ, ನೀವು ಹೋಗಿ ಡೇರಿಗೆ ಹಾಲು ಹಾಕಿ ಬನ್ನಿ ಎಂದು ಕಳಿಸಿದರು. ಸೀರೆ ಎತ್ತಿ ಕಟ್ಟಿ ಕೆಲಸಕ್ಕೆ ಕೂತರು.

ಸೊಪ್ಪಿನ ಮೇಲೆ ಹತ್ತಿದ ಹುಳವನ್ನು ಕಡ್ಡಿ ಸಮೇತ ಎತ್ತಿ ಖಾಲಿ ಅಂಕಣಕ್ಕೆ ಹಾಕಬೇಕು. ಕೂತವನ್ನು ಮುಟ್ಟದೆ ಬಿಡಬೇಕು. ಎದುರು ಬದುರು ಕೂತು ಇಬ್ಬರೂ ಅದೇ ಮಾಡಿದರು. ಹುಳ ಸೊಪ್ಪು ಕಡಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ರೂತಮ್ಮನಿಗೆ ಹತ್ತು ಸಲ ಬಾಯಿ ತೆರೆಯುವ ಮನಸ್ಸಾಯಿತಂತೆ. ಅಕ್ಕಾ, ನಾನು ಅಂದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅನ್ನೋಣ ಅನ್ನಿಸಿತು. ಹಾಗಂದರೆ ಸ್ವಾಮಿಯನ್ನೇ ಬಿಟ್ಟುಕೊಟ್ಟ ಹಾಗೆ. ಇನ್ನಷ್ಟು ಬಿಡಿಸಿ ಹೇಳೋಣ ಅನ್ನಿಸಿತು. ಕಣ್ಣ ಮುಂದೆಯೇ ಏಳದ ಹುಳ, ಅವುಗಳ ಮೇಲೆ ತಾನೇ ಹೇರಿದ ಸೊಪ್ಪು. ಬಾಯಿ ಮುಚ್ಚಿಕೊಂಡಳು.

ಮಧ್ಯಾಹ್ನ ತಿರುಗಿದ ಮೇಲೆ ಕಾವೇರಮ್ಮ ತಾವಾಗಿಯೇ ಮಾತು ತೆಗೆದರು. ಬೆಳಿಗ್ಗೆ ಸೋಲೂರಿಗೆ ಫೋನ್ ಮಾಡಿದ್ದರಂತೆ. ತೀರಿಹೋದ ಅಕ್ಕನ ಮಗಳು ರಮ್ಯಾ ಅಲ್ಲಿದ್ದಾಳೆ. ಎರಡು ವರ್ಷದಿಂದ ಅವಳ ಜೊತೆಗೂ ಮಾತಿರಲಿಲ್ಲ. ಹುಡುಗಿ ಮೊದಲು ಫೋನ್ ಇಟ್ಟುಬಿಟ್ಟಳು. ಎರಡನೇ ಸಲ ಮಾಡಿದಾಗ ಅತ್ತಳು. ಬಾಗಿಲು ಮುಚ್ಚಿದ್ದು ಅದಕ್ಕೆ.

ರೂತಮ್ಮ ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟಳು.

“ಒಂದು ಕೇಳ್ತೀನಿ, ಗೊತ್ತಿದ್ರೆ ಹೇಳಮ್ಮಿ” ಅಂದರು ಕಾವೇರಮ್ಮ. “ಮಗೀಗೇನೋ ತಪ್ಪಾಯ್ತು ಅಂದೆ. ಸತ್ತೋಳ್ಗೆ ಎಲ್ಲಿ ಹೋಗಿ ಅನ್ಲಿ? ನಿಮ್ಮ ಸ್ವಾಮಿ ಹತ್ರ ಅಂದ್ರೆ ಅವ್ಳಿಗೆ ಮುಟ್ತದಾ?”

“ನಂಗೊತ್ತಿಲ್ಲ ಅಕ್ಕಾ. ನೀವು ಅಂದದ್ದು ಅವ್ನಿಗೆ ಕೇಳ್ತದೆ. ಅದೊಂದು ಗೊತ್ತು.”

ಕಾವೇರಮ್ಮ ಕೊನೆಯ ಕಡ್ಡಿ ಎತ್ತಿಟ್ಟು, ನಾಳೆ ಬೇಗ ಬಾ, ಎರಡು ಪಾಲು ಕೆಲಸ ತಂದಿಟ್ಟಿದ್ದೀಯ ಅಂದರು.

ಇದಾಗಿ ಹತ್ತು ದಿನ. ಮುಂಚೆ ಎದ್ದ ಹುಳ ಗೂಡು ಕಟ್ಟಿವೆ, ಹಿಂದೆ ಬಿದ್ದವು ಈಗ ಹಣ್ಣಾಗಿ ಗೂಡು ಕಟ್ಟಲು ಬರುತ್ತಿವೆ, ಒಂದಷ್ಟು ಸತ್ತೂ ಹೋದವು. ಕಾವೇರಮ್ಮ ಆ ಮಾತನ್ನು ಮತ್ತೆ ಎತ್ತಿಲ್ಲ. ರೂತಮ್ಮನೂ ಎತ್ತಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ಕಾವೇರಕ್ಕನ ಹೆಸರು ಹಿಡಿದು ಪ್ರಾರ್ಥನೆ ಮಾಡಿ, ಆಮೇಲೆ ಸೊಪ್ಪಿಗೆ ಹೋಗುತ್ತಾಳೆ. ಮಾತು ಬಿತ್ತೋದಷ್ಟೇ ನಮ್ಮದು, ಬೆಳೆಸೋದು ನಮ್ಮ ಕೈಲಿಲ್ಲ ಎಂದು ಪಾದ್ರಿಯವರು ಹೇಳುತ್ತಲೇ ಇರುತ್ತಾರೆ, ನಾವು ಆಮೆನ್ ಅನ್ನುತ್ತಲೇ ಇರುತ್ತೇವೆ. ಆದರೂ ಅವಳ ಕಣ್ಣಲ್ಲಿ ನಿದ್ದೆ ಮಾಡಿದ ಲಕ್ಷಣ ಕಾಣಲಿಲ್ಲ.

“ಅಕ್ಕ ಮತ್ತೆ ಕೇಳ್ದೇನೇ ಇದ್ಬುಟ್ರೆ?” ಅಂದಳು.

ಕೇಳದಿದ್ದರೂ ನೀನು ಆ ಮನೆಗೆ ಹೋಗುವುದು ಬಿಡಬೇಡ ಅಂದೆ. ಬಿಡುವುದಿಲ್ಲ ಅಂದಳು. ಬೀದಿಯ ನಲ್ಲಿಯಲ್ಲಿ ನೀರು ಬಂದ ಸದ್ದಾಯಿತು. ರೂತಮ್ಮ ಎದ್ದು, ಎರಡು ಬಿಂದಿಗೆ ತೊಳೆದು, ಒಂದನ್ನು ನಲ್ಲಿಯ ಕೆಳಗಿಟ್ಟು ತುಂಬುವವರೆಗೂ ಪಕ್ಕದಲ್ಲಿ ನಿಂತಳು.